ತಪ್ಪು ಓದಿದರೂ ನಡೆಯುವ ಆಟ

ನಲವತ್ತು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಾಗಿದ್ದಕ್ಕೆ ಅವರ ಕತ್ತು ಮುಂದಕ್ಕೆ ಚಾಚಿಕೊಂಡೇ ಉಳಿದುಬಿಟ್ಟಿತ್ತು. ನೆಟ್ಟಗೆ ನಿಂತಾಗಲೂ ನೆಲದ ಮೇಲೆ ಬಿದ್ದ ಏನನ್ನೋ ಹುಡುಕುತ್ತಿರುವವರ ಹಾಗೆ ಕಾಣುತ್ತಿದ್ದರು. ಶ್ಯಾಂಟಿಲಿಯ ನಮ್ಮ ಬೀದಿಯ ಕನ್ನಡದವರೆಲ್ಲ ಅವರನ್ನು ಡಾಕ್ಟರ್ ಆಂಟಿ ಎನ್ನುತ್ತಿದ್ದೆವು. ಮೈಸೂರಿನಲ್ಲಿ ಓದಿ ಎಂಬತ್ತರ ದಶಕದಲ್ಲಿ ಇಲ್ಲಿಗೆ, ಅಮೆರಿಕಕ್ಕೆ, ಬಂದವರು. ಪೆಥಾಲಜಿಸ್ಟ್. ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಸ್ಲೈಡಿನ ಮೇಲಿಟ್ಟು ನೋಡಿ, ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆದುಕೊಡುವ ಕೆಲಸ. ಯಾವ ಸಮಸ್ಯೆ ತೆಗೆದುಕೊಂಡು ಹೋದರೂ ಅವರದು ಒಂದೇ ಮಾತು: "ಮೊದಲು ಲೋ ಪವರ್‌ನಲ್ಲಿ ಇಡೀದನ್ನ ನೋಡು. ಹತ್ತಿರ ಹೋಗೋಕೆ ಆಮೇಲೆ ಟೈಮ್ ಇದೆ."

ನಿವೃತ್ತರಾಗಿ ಎಷ್ಟೋ ದಿನದ ಮೇಲೆ ಆ ಕ್ಯಾನ್ಸರ್ ಅವರಿಗೇ ಬಂತು. ಯಜಮಾನರು ತೀರಿಕೊಂಡಿದ್ದರು, ಒಬ್ಬನೇ ಮಗ ಅಟ್ಲಾಂಟಾದಲ್ಲಿ. ಅದೇ ಸಮಯಕ್ಕೆ ನನ್ನ ಕೆಲಸವೂ ಹೋಗಿತ್ತು. ಸರ್ಕಾರದ ಒಂದು ಕಚೇರಿಗೆ ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವಳು. ಒಂದು ಮಂಗಳವಾರ ಕಾಂಟ್ರಾಕ್ಟ್ ರದ್ದು ಎಂದು ಮೇಲ್ ಬಂತು, ಬುಧವಾರ ಬ್ಯಾಡ್ಜ್ ಕೊಟ್ಟು ಬಂದೆ. ಹಗಲೆಲ್ಲ ಮನೆಯಲ್ಲೇ ಇರುವವಳು ನಾನೊಬ್ಬಳೇ ಆದ್ದರಿಂದ ಗುರುವಾರದ ಕೀಮೋಗೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಕಂಡವರೆಲ್ಲ "ಎಲ್ಲೆಲ್ಲಿ ಅಪ್ಲೈ ಮಾಡಿದ್ಯಾ?" ಎಂದು ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದ್ದರು. ಆಂಟಿ ಒಮ್ಮೆಯೂ ಕೇಳಲಿಲ್ಲ.

ಮೊದಲ ವಾರವೇ ಅವರು ತಮ್ಮ ಸ್ಲೈಡನ್ನು ತಾವೇ ನೋಡಬೇಕೆಂದು ಹಠ ಹಿಡಿದರು. ಲ್ಯಾಬಿನಲ್ಲಿದ್ದವರು ಅವರ ಹಳೆಯ ಶಿಷ್ಯರು, ಇಲ್ಲವೆನ್ನಲಾಗಲಿಲ್ಲ. ಮೂರು ನಿಮಿಷ ನೋಡಿದರು. "ಚೂರಿನ ಕಟಿಂಗ್ ಚೆನ್ನಾಗಿದೆ" ಎಂದರು, ಚೀಲ ತೆಗೆದುಕೊಂಡು ಹೊರಟರು. ಕಾರಿನಲ್ಲಿ ಕುಳಿತ ಮೇಲೆ ಆ ಚೀಲದಿಂದ ಮಗನ ಬಾಲ್ಯದ ವಿಡಿಯೊ ಗೇಮ್ ಹೊರಗೆ ಬಂತು. ಅಂಗೈಯಷ್ಟು ದೊಡ್ಡದು, ಹಳದಿಗಟ್ಟಿದ ಪ್ಲಾಸ್ಟಿಕ್, ಬ್ಯಾಟರಿಯ ಮುಚ್ಚಳ ಕಳೆದುಹೋಗಿ ಬ್ಯಾಂಡೇಜಿನ ಟೇಪ್ ಸುತ್ತಿತ್ತು.

ಕೋವಿಡ್ ಸಮಯದಲ್ಲಿ ಮಗನ ಕಪಾಟು ಖಾಲಿ ಮಾಡುವಾಗ ಸಿಕ್ಕಿತಂತೆ. ಅದರೊಳಗೆ ಇದ್ದದ್ದು ಒಂದೇ ಆಟ. ಮಗನ ಜೊತೆ ಓದುತ್ತಿದ್ದ ಜಪಾನಿನ ಹುಡುಗ ಊರಿಗೆ ವಾಪಸ್ಸಾಗುವಾಗ ಕೊಟ್ಟುಹೋದದ್ದು. ಒಂದು ಸಣ್ಣ ಬಂದರು. ಒಂದು ನರಿ ದೋಣಿಯಲ್ಲಿ ಪೆಟ್ಟಿಗೆಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತದೆ. ಗುಂಡು ಹಾರಿಸುವುದಿಲ್ಲ, ಪಾಯಿಂಟ್ ಇಲ್ಲ, ಗೆಲ್ಲುವುದಂತೂ ಇಲ್ಲವೇ ಇಲ್ಲ. ದಡದಲ್ಲಿರುವ ಪ್ರಾಣಿಗಳು ಬಾಯಿ ತುಂಬ ಮಾತಾಡುತ್ತವೆ, ಎಲ್ಲ ಜಪಾನಿ ಅಕ್ಷರ. ಆಂಟಿಗೆ ಒಂದಕ್ಷರವೂ ಬಾರದು. ಹಾಗಾಗಿ ಮಾತೆಲ್ಲ ಅವರೇ ಕಟ್ಟಿದ್ದರು. ಆಮೆ ಅವರ ಸೋದರತ್ತೆ. ಟೋಪಿ ಹಾಕಿದ ಕಪ್ಪೆ ರಿಟೈರಾದ ತಹಶೀಲ್ದಾರ. ಕೊಕ್ಕರೆಗೆ ನಿಶ್ಚಯವಾದ ಮದುವೆ ಮುರಿದುಹೋಗಿದೆ, ಅದಕ್ಕೇ ಯಾವಾಗಲೂ ಒಂಟಿ ಕಾಲಲ್ಲಿ ನಿಂತು ಕಾಯುತ್ತದೆ.

ಔಷಧ ಹನಿಯುವ ಆ ನಾಲ್ಕು ತಾಸು ನಾನು ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಅವರು ಅತ್ತೆಯ ಸುದ್ದಿ, ತಹಶೀಲ್ದಾರರ ಸುದ್ದಿ ಹೇಳುತ್ತಲೇ ಇರುತ್ತಿದ್ದರು. ಒಂದು ಸಲ ಮಗ ಬಂದಿದ್ದಾಗ ಆ ಆಟದ ಇಂಗ್ಲಿಷ್ ಅನುವಾದ ಹುಡುಕಿ ತಂದ. "ಅಮ್ಮಾ, ದಿ ಹೆರಾನ್ ಜಸ್ಟ್ ಸೆಲ್ಸ್ ಆಯಿಲ್, ಅಷ್ಟೇ" ಎಂದ; ಕೊಕ್ಕರೆ ಬರೀ ಎಣ್ಣೆ ಮಾರುವುದಂತೆ. ಆಂಟಿಗೆ ನಾನೆಂದೂ ಕಾಣದಷ್ಟು ಸಿಟ್ಟು ಬಂತು. "ನಿನ್ನನ್ನ ಯಾರು ಕೇಳಿದ್ರೋ? ಎತ್ತಿಡು ಅದನ್ನ" ಎಂದರು. ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

ಮುಂದಿನ ಗುರುವಾರ ನಾನೇ ಕೇಳಿದೆ. "ಆಂಟಿ, ಇಷ್ಟೆಲ್ಲ ಆಟ ಇದಾವೆ. ಈ ವಿಚಿತ್ರದ್ದೇ ಯಾಕೆ?"

ಬಟನ್ ಒತ್ತುವುದನ್ನು ನಿಲ್ಲಿಸಿದರು. "ಒಂದು ಸಲ ನಾನು ಒಂದು ಸ್ಲೈಡ್ ತಪ್ಪು ಓದಿದೆ ಕಣೆ. ಏನಿಲ್ಲ ಅಂತ ಬರೆದುಕೊಟ್ಟೆ. ಎರಡು ವರ್ಷ ಆದ್ಮೇಲೆ ಅದೇ ಹೆಂಗಸು ವಾಪಸ್ ಬಂದಳು. ಹಳೇ ಸ್ಲೈಡ್ ತೆಗೆದು ನೋಡಿದೆ. ಇತ್ತು. ಮೂಲೇಲಿ ಇಷ್ಟೇ ಇಷ್ಟು, ಆದ್ರೆ ಇತ್ತು."

"ಆಮೇಲೆ?"

"ಯಾರೂ ಕೇಳೋ ಮುಂಚೆ ನಾನೇ ಸರ್ಜನ್‌ಗೆ ಫೋನ್ ಮಾಡಿದೆ. ಅವಳ ರೂಮಿಗೂ ಹೋಗಿ ಹೇಳಿದೆ. ಪೇಶೆಂಟ್ ಎದುರು ನಾನು ಹಾಗೆ ಕೂತಿದ್ದು ಅದೊಂದೇ ಸಲ. ಅವಳು ಬೈದಿದ್ರೆ ಚೆನ್ನಾಗಿತ್ತು." ಆಟದ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. "ಅಲ್ಲಿಂದ ಮುಂದೆ ಒಂದೊಂದು ರಿಪೋರ್ಟಿಗೂ ಸಹಿ ಹಾಕೋ ಮುಂಚೆ ಸ್ಲೈಡನ್ನ ಮೂರು ಸಲ ನೋಡ್ತಿದ್ದೆ. ಇಲ್ಲಿ ನೋಡು, ಒಂದೂ ಅರ್ಥ ಆಗಲ್ಲ, ಎಲ್ಲಾ ತಪ್ಪೇ ಓದ್ತೀನಿ. ಆದರೂ ದೋಣಿ ದಡ ಸೇರತ್ತೆ. ಯಾರಿಗೂ ಏನೂ ಆಗಲ್ಲ."

ಮತ್ತೆ ಆಟಕ್ಕೆ ಇಳಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಹಾಸನದಲ್ಲಿ ಅಕ್ಕನ ಮನೆಯಲ್ಲಿದ್ದ ಅಮ್ಮನಿಗೆ ನಾನು ಇನ್ನೂ ನಿಜ ಹೇಳಿರಲಿಲ್ಲ. ಆಫೀಸು, ಮೀಟಿಂಗು ಎಂದು ನಾಲ್ಕು ತಿಂಗಳಿಂದ ಕಥೆ ಕಟ್ಟಿಕೊಂಡು ಬಂದಿದ್ದೆ. ಆಸ್ಪತ್ರೆಯ ಪಾರ್ಕಿಂಗಿಗೆ ಹೋಗಿ ಫೋನ್ ಮಾಡಿ ಹೇಳಿಬಿಟ್ಟೆ. ಅಮ್ಮ ಮೊದಲು ಬೈದಳು. "ಕೆಲಸ ಹೋದ್ರೆ ಹೋಗ್ಲಿ, ಸುಳ್ಳು ಹೇಳೋಷ್ಟು ದೂರದವಳಾದ್ನಾ ನಿನಗೆ?" ಎಂದು ಆಮೇಲೆ ಅತ್ತಳು. ವಾಪಸ್ಸು ಬಂದು ಆಂಟಿಗೆ ತಿಳಿಸಿದೆ. ಸ್ಕ್ರೀನಿನಿಂದ ತಲೆ ಎತ್ತದೆ "ಗುಡ್" ಎಂದರು. ಅಂದು ಮನೆಗೆ ಬಂದು ಎಷ್ಟೋ ವಾರಗಳ ನಂತರ ಮೈಮರೆತು ಮಲಗಿದೆ.

ಎಲೆ ಉದುರುವ ಹೊತ್ತಿಗೆ ಔಷಧ ಹಿಡಿಯುತ್ತಿಲ್ಲವೆಂದು ತಿಳಿಯಿತು. ಡಾಕ್ಟರು ಸುತ್ತಿಬಳಸಿ ಹೇಳುತ್ತಿದ್ದುದನ್ನು ಅರ್ಧಕ್ಕೇ ತಡೆದು, "ಸಾಕು, ನಿಲ್ಲಿಸೋಣ" ಎಂದವರು ಆಂಟಿಯೇ. ಐದು ವಾರ ಮನೆಯಲ್ಲಿದ್ದರು, ಮಗ ಬಂದು ಜೊತೆಗಿದ್ದ. ಅವರು ಹೋದ ದಿನ ನಾನು ಮೇರಿಲ್ಯಾಂಡಿನಲ್ಲಿ ಸಿಕ್ಕ ಹೊಸ ಕೆಲಸದ ಮೊದಲ ವಾರದಲ್ಲಿದ್ದೆ. ಅವನ ಫೋನ್ ಬಂದಾಗ ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವನು ನಮ್ಮ ಮನೆಗೆ ಬಂದ. ಕಾಫಿ ಕುಡಿಯದೆ ಲೋಟ ಹಿಡಿದು ಕುಳಿತೇ ಇದ್ದ. ತಾನು ಹೈಸ್ಕೂಲಿನಲ್ಲಿದ್ದಾಗ ಒಂದಿಡೀ ವರ್ಷ ಅಮ್ಮ ಕೆಲಸದಿಂದ ಬಂದು ಗರಾಜಿನಲ್ಲಿ ಕಾರೊಳಗೇ ಅರ್ಧ ಗಂಟೆ ಕೂತಿರುತ್ತಿದ್ದಳು ಎಂದ. "ನಾನು ಏನೋ ತಪ್ಪು ಮಾಡಿದೆ ಅಂತ ಅಂದುಕೊಂಡೆ. ಕೇಳಲಿಲ್ಲ. ಯಾಕೆ ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲವೆಂದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಹೆಂಗಸಿನ ವಿಷಯವನ್ನೂ, ಆಂಟಿ ತಾವಾಗಿ ಅವಳ ರೂಮಿಗೆ ಹೋದದ್ದನ್ನೂ ಒಂದೂ ಬಿಡದೆ ಹೇಳಿದೆ. ಮುಖ ಮುಚ್ಚಿಕೊಂಡು ಕೇಳಿಸಿಕೊಂಡ. ತಡೆದು ತಡೆದು, ಬರುವ ಕನ್ನಡದಲ್ಲಿ ಅಂದ: "ಅಮ್ಮ ಇದನ್ನ ಒಬ್ಬಳೇ ಇಟ್ಕೊಂಡಿದ್ಲಾ, ಕೊನೇವರೆಗೆ?"

"ಇಲ್ಲಪ್ಪ," ಎಂದೆ. "ನನ್ನ ಹತ್ತಿರ ಹೇಳಿಕೊಂಡ್ರು."