ಪರದೆಯ ಮೇಲೆ ಅಣ್ಣನ ಕೈ

ನನ್ನ ಅಣ್ಣ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದ. ಮೂವತ್ತು ದಾಟುವ ಹೊತ್ತಿಗೆ ಅವನ ಸ್ನಾಯುಗಳು ಸೊರಗತೊಡಗಿದವು. ಮೊದಲು ಮೆಟ್ಟಿಲು ಹತ್ತುವುದು ಕಷ್ಟವಾಯಿತು, ಆಮೇಲೆ ನಿಲ್ಲುವುದು. ಇದಕ್ಕೆ ಔಷಧಿಯಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟು ಬಾಬುರಾಯನಕೊಪ್ಪಲಿನ ಮನೆಗೆ ಬಂದುಬಿಟ್ಟ. ಅಪ್ಪ ಆಗಲೇ ಇರಲಿಲ್ಲ. ಅವ್ವ ಹಸು ಸಾಕಿ ಮನೆ ತೂಗಿಸುತ್ತಿದ್ದಳು. ನಾನು ಶ್ರೀರಂಗಪಟ್ಟಣದ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಸೆಂಟರಿನವರು ತೆಗೆದುಹಾಕಿದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಮೋಡೆಮ್ ಹಾಕಿ ಫೋನ್ ಲೈನಿಗೆ ಜೋಡಿಸಿದೆ. ಅಣ್ಣ ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಒಂದು ಪುಟವನ್ನು ಕಂಡುಕೊಂಡ. ಅವನದೇ ಕಾಯಿಲೆಯವರು, ಬೇರೆ ಬೇರೆ ದೇಶದವರು, ಅಲ್ಲಿ ಸೇರುತ್ತಿದ್ದರು. ದಿನಕ್ಕೊಮ್ಮೆ ಪುಟ ತೆರೆದು ತಮ್ಮ ಹೆಸರಿನ ಮುಂದಿನ ಗುಂಡಿ ಒತ್ತಬೇಕು. ಒತ್ತಿದರೆ ಹಸಿರು ಚುಕ್ಕಿ ಮೂಡುತ್ತದೆ. ಇವತ್ತು ನಾನಿದ್ದೇನೆ ಎಂದು ಅದರ ಅರ್ಥ. ಚುಕ್ಕಿ ಕಾಣದಿದ್ದರೆ ಉಳಿದವರು ಬರೆದು ವಿಚಾರಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದವರು ಯಾವುದೋ ಹಿಮದ ದೇಶದ ವಯಸ್ಸಾದ ಟೀಚರಮ್ಮ ಒಬ್ಬರು.

ಬರಬರುತ್ತ ಬೆರಳುಗಳೂ ಸೋತವು. ಒಂದು ಕ್ಲಿಕ್ಕಿಗೆ ಅಣ್ಣ ಬೆವರುತ್ತಿದ್ದ. ಮೌಸಿನ ಓಡಾಟವನ್ನು ನೆನಪಿಟ್ಟುಕೊಂಡು ಮತ್ತೆ ತಾನೇ ಮಾಡುವ ಒಂದು ಪ್ರೋಗ್ರಾಂ ಸೆಂಟರಿನಲ್ಲಿತ್ತು. ಅದನ್ನು ತಂದು ಮನೆಯ ಕಂಪ್ಯೂಟರಿಗೆ ಹಾಕಿ, ಮೊದಲು ನನ್ನ ಕೈಯಿಂದಲೇ ಕಲಿಸಿದೆ. ಪುಟ ಪೂರ್ತಿ ಬರುವ ಮೊದಲೇ ಕ್ಲಿಕ್ ಬಿದ್ದು ವ್ಯರ್ಥವಾಗುತ್ತಿತ್ತು. ಅಷ್ಟು ಅವಸರದ ಕೈ ನನ್ನದು. ಕೊನೆಗೆ ಅಣ್ಣನ ಕೈ ಸ್ವಲ್ಪ ಚೆನ್ನಾಗಿದ್ದ ಒಂದು ದಿನ ಅವನ ಓಡಾಟವನ್ನೇ ಹಿಡಿದಿಟ್ಟೆ. ಬಾಣದ ಗುರುತು ನಿಧಾನವಾಗಿ ಗುಂಡಿಯ ಕಡೆಗೆ ಹೋಗುತ್ತಿತ್ತು, ಅದನ್ನು ದಾಟಿಬಿಡುತ್ತಿತ್ತು, ಹಿಂದಕ್ಕೆ ಬಂದು ಸುಧಾರಿಸಿಕೊಂಡು ಒತ್ತುತ್ತಿತ್ತು.

ಅಣ್ಣನಿಗೆ ಸಮಾಧಾನವಿರಲಿಲ್ಲ. “ನಾನ್ ಒತ್ತದೆ, ‘ಇದ್ದೀನಿ’ ಅಂತ ಯೇಳುದ್ರೆ ಸುಳ್ಳಾಗಲ್ವೇನ್ಲಾ?”

“ನಿನ್ ಕೈನೇ ಕಣಣ್ಣ ಅದು.”

ಅವನು ಪರದೆಯ ಕಡೆಗೆ ಮುಖ ತಿರುಗಿಸಿದ. “ಸರಿ ಬುಡು. ಅದು ಒತ್ತೋವಾಗ ನಾನ್ ನೋಡ್ತಿರ್ತೀನಿ.”

ಹಾಗೆಯೇ ಆಯಿತು. ಬೆಳಿಗ್ಗೆ ಹಾಲು ಕರೆದಾದ ಮೇಲೆ ಕಂಪ್ಯೂಟರು ತಾನೇ ಫೋನ್ ಲೈನಿಗೆ ಸೇರಿ, ಪುಟ ತೆರೆದು ಗುಂಡಿ ಒತ್ತುವಂತೆ ಸಮಯ ಹೊಂದಿಸಿದೆ. ಅಣ್ಣ ದಿಂಬಿಗೆ ಒರಗಿ ನೋಡುತ್ತಿದ್ದ. ಅವ್ವ ಪಕ್ಕದಲ್ಲಿ ಕೂತು ಅವನಿಗೆ ಕಾಫಿ ಕುಡಿಸುತ್ತ ತಾನೂ ನೋಡುತ್ತಿದ್ದಳು.

ಆ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಅವನು ಜೀವಂತವಾಗಿ ಮರಳಲಿಲ್ಲ. ತೋಟದಲ್ಲಿ ಮಣ್ಣು ಮಾಡಿ ಬಂದೆವು.

ಮಾರನೆಯ ಬೆಳಿಗ್ಗೆ ಮನೆ ತುಂಬ ನೆಂಟರು. ಒಳಕೋಣೆಯಿಂದ ಮೋಡೆಮ್ಮಿನ ಕೀರಲು ಸದ್ದು ಕೇಳಿಸಿತು. ಆಸ್ಪತ್ರೆಗೆ ಹೊರಟ ಗಡಿಬಿಡಿಯಲ್ಲಿ ಕಂಪ್ಯೂಟರ್ ಆರಿಸುವುದು ಯಾರಿಗೂ ಹೊಳೆದಿರಲಿಲ್ಲ. ನಾನು ಓಡಿದೆ. ಅವ್ವ ನನಗಿಂತ ಮೊದಲೇ ಪರದೆಯ ಮುಂದೆ ನಿಂತಿದ್ದಳು. ಬಾಣ ಗುಂಡಿಯನ್ನು ದಾಟಿ ಆಚೆ ಹೋಗಿತ್ತು. ಸ್ವಿಚ್ಚಿಗೆ ಕೈ ಚಾಚಿದೆ.

“ತಡಿ,” ಎಂದಳು ಅವ್ವ. “ಅವನ್ ಕೈ ಕಣಪ್ಪ ಅದು. ಮುಗೀಲಿ.”

ಬಾಣ ಹಿಂದಕ್ಕೆ ಬಂತು, ನಿಂತಿತು, ಒತ್ತಿತು. ಚುಕ್ಕಿ ಹಸಿರಾಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, “ಇದ ನೋಡಿ ಅವರೆಲ್ಲ ಇವನು ಬದುಕವ್ನೆ ಅಂದ್ಕತಾರಾ?”

“ಊಂ ಕಣವ್ವ.”

“ಅಂಗಾಗ್ಬಾರ್ದು. ಇರೋ ವಿಷ್ಯ ಬರ್ದ್ಬುಡು.”

ಅಲ್ಲೇ ಕೂತು ಬರೆದೆ. ನಾಲ್ಕು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಪ್ರೋಗ್ರಾಂಗೆ ಹೊಂದಿಸಿದ್ದ ಸಮಯವನ್ನು ತೆಗೆದುಹಾಕಿದೆ.

ಉತ್ತರಗಳು ಬಂದವು. ಒಂದೊಂದನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ನಿಮ್ಮ ಅಣ್ಣನ ಚುಕ್ಕಿ ನೋಡಿದ ಮೇಲೆಯೇ ನಾನು ಮಲಗುತ್ತಿದ್ದೆ, ಅವರ ಬೆಳಗು ನನಗೆ ರಾತ್ರಿ, ಎಂದು ಆ ಟೀಚರು ಬರೆದಿದ್ದರು. ಅವ್ವ ಅದನ್ನು ಎರಡನೆಯ ಸಲ ಹೇಳಿಸಿಕೊಂಡಳು.

“ಆಯಮ್ಮುಂಗೂ ಇದೇ ಕಾಯ್ಲೆನಾ?”

“ಊಂ.”

“ನೋಡ್ಕಳೋರು ಯಾರವ್ರೆ ಅಂತ ಕೇಳು.”

ಕೇಳಿದೆ. ಒಬ್ಬಳೇ ಇದ್ದೇನೆ ಎಂದು ಉತ್ತರ ಬಂತು. ಆಮೇಲೆ ಅಣ್ಣನ ಹೆಸರನ್ನು ಪುಟದಿಂದ ತೆಗೆದರು. ಆದರೂ ಹಾಲು ಕರೆದಾದ ಮೇಲೆ ಅವ್ವ ನನ್ನನ್ನು ಕರೆದು ಪುಟ ತೆರೆಸುತ್ತಿದ್ದಳು. ಅವಳಿಗೆ ಓದು ಬಾರದು. ಟೀಚರ ಹೆಸರು ಯಾವ ಸಾಲಿನಲ್ಲಿದೆ ಎಂಬುದನ್ನು ಮಾತ್ರ ಗುರುತಿಟ್ಟುಕೊಂಡಿದ್ದಳು. ಅಲ್ಲಿ ಹಸಿರು ಕಂಡರೆ ಎದ್ದು ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗುತ್ತಿದ್ದಳು.