ಮಾಸಿ ಯಾರ ಹಾಗೆ?

ಮಂಜಲ್‌ಪುರದ ನಮ್ಮ ಮಾಳಿಗೆಯ ಮೇಲೆ ಚಳಿಗಾಲದ ಭಾನುವಾರದ ಬಿಸಿಲು ಬೆಚ್ಚಗೆ ಮಲಗಿತ್ತು. ದಾರ ಕಡಿದ ಯಾರದೋ ಗಾಳಿಪಟ ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿತ್ತು. ಅದರ ಕೆಳಗೆ ನಾನು, ಬ್ಯಾಂಕು ರೈಲ್ವೆಗಳ ವರ್ಗಾವಣೆಯಲ್ಲಿ ಬರೋಡಾಕ್ಕೆ ಬಂದ ಕನ್ನಡದವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನ ಕನ್ನಡವೇ ಅರ್ಧ ಗುಜರಾತಿ. ಹುಡುಗ ಸಾಹಿತ್ಯದಲ್ಲಿ ಎಂ.ಎ. ಓದುತ್ತಿದ್ದಾನೆ ಎಂದು ಹಿರಿಯರು ನನ್ನನ್ನು ಗುರು ಮಾಡಿಬಿಟ್ಟಿದ್ದರು.

ಉಪಮೆ ಕಲಿಸಲು ನನಗೆ ಗೊತ್ತಿದ್ದದ್ದು ಅಣಕವೊಂದೇ. ನಾನು ಯಾರನ್ನಾದರೂ ಮಾಡಿ ತೋರಿಸುವುದು, ಅವರು ಯಾವುದರ ಹಾಗೆ ಎಂದು ಮಕ್ಕಳು ಹೇಳುವುದು. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಮೈಕ್ ಮುಂದೆ ಗಂಟಲು ಸರಿಮಾಡಿಕೊಳ್ಳುವುದನ್ನು ಮಾಡಿದೆ.

"ಸ್ಟಾರ್ಟ್ ಆಗದ ಸ್ಕೂಟರ್ ಹಾಗೆ."

ನಮ್ಮ ಅವ್ವನನ್ನು ಮಾಡಿದೆ: "ಮಂಗ್ಯಾ, ಕುಣದದ್ದು ಸಾಕು, ಥೀಸಿಸ್ ಬರಿ."

"ಕುಕ್ಕರ್ ಹಾಗೆ."

ನನ್ನನ್ನೇ ಮಾಡಿದೆ. "ಯಾರೂ ಕೇಳದ ರೇಡಿಯೋ ಹಾಗೆ" ಎಂದರು. ಒಪ್ಪಿಕೊಂಡೆ.

ಕೆಳಗಿನ ಮನೆಯ ಹುಡುಗಿ ಮಾತ್ರ ಪೆನ್ಸಿಲ್ ಕಚ್ಚುತ್ತ ಕೂತಿದ್ದಳು. ಮುಂದಿನ ವಾರ ಅಲ್ಕಾಪುರಿಯ ಸಭಾಂಗಣದಲ್ಲಿ ಸಂಘದ ಸಮಾರಂಭ; ಅಲ್ಲಿ ಮಕ್ಕಳೆಲ್ಲ ತಾವೇ ಕಟ್ಟಿದ ಪದ್ಯ ಓದಬೇಕಿತ್ತು. ಉಳಿದವರು ಅಜ್ಜಿ, ನಾಯಿಮರಿ ಎಂದು ಬರೆದು ಮುಗಿಸಿದ್ದರು. ಅವಳದು 'ನಮ್ಮ ಮನೆಯ ಮಾಸಿ' ಎಂಬಲ್ಲಿಗೇ ನಿಂತಿತ್ತು.

"ಯಾರ ಹಾಗೆ ಅಂತ ಸಿಗ್ತಾ ಇಲ್ಲ ಅಣ್ಣಾ. ಸಿಗ್ಲಿಲ್ಲ ಅಂದ್ರೆ ನಾನು ಸ್ಟೇಜ್ ಮೇಲೆ ಹೋಗಲ್ಲ. ನೀವು ಮಾಸೀನ ಮಾಡಿ ತೋರ್ಸಿ."

ಮಾಸಿ ಎಂದರೆ ಗುಜರಾತಿಯಲ್ಲಿ ಚಿಕ್ಕಮ್ಮ; ನಮಗೆ ಮಾತ್ರ ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ವರ್ಷಗಳಿಂದ ಪಾತ್ರೆ ತಿಕ್ಕುವವರು. ಇದೇನು ಮಹಾ ಎಂದು ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತೆ. ಕೈ ತಾನಾಗಿ ತಿಕ್ಕತೊಡಗಿತು. ಬಾಯಿ ತೆರೆದೆ. ಏನೂ ಬರಲಿಲ್ಲ.

ಕನಸಿನಲ್ಲಿ ನಮ್ಮದೇ ಮನೆಯ ಬಾಗಿಲು ಸಿಗದೆ ಅಲೆಯುತ್ತೇವಲ್ಲ, ಹಾಗೆ ತಲೆಯೊಳಗಿನ ದನಿಗಳ ನಡುವೆ ಮಾಸಿಯ ದನಿ ಹುಡುಕುತ್ತ ಅಲೆದೆ. ಅವರು ಬರುತ್ತಾರೆ, ತಿಕ್ಕುತ್ತಾರೆ, ಹೋಗುತ್ತಾರೆ, ಮಾತೆಲ್ಲ ನಮ್ಮದೇ. ನಾನು ಬರೆಯುತ್ತಿದ್ದ ಥೀಸಿಸ್‌ನ ಹೆಸರೋ, 'ಕಥೆಗಳಲ್ಲಿ ದನಿಯಿಲ್ಲದವರ ದನಿ'. ಗಾಳಿಪಟ ಪಕ್ಕದ ನೀರಿನ ಟ್ಯಾಂಕಿನ ಮೇಲೆ ಮೆಲ್ಲಗೆ ಇಳಿಯಿತು.

"ಆಯ್ತು ಅಣ್ಣಾ, ಸಾಕು" ಎಂದಳು ಹುಡುಗಿ.

"ಏನಾಯ್ತು? ನಾನಿನ್ನೂ ಶುರುನೇ ಮಾಡಿಲ್ಲ."

"ಬರೋಬರ್ ಮಾಡಿದ್ರಿ. ಹೀಗೇ ಇರ್ತಾರೆ."

ಉಳಿದ ಮಕ್ಕಳೂ ಹೌದೆಂದು ತಲೆಯಾಡಿಸಿದರು. ಅವಳು ಬಗ್ಗಿ ಬರೆದುಕೊಂಡಳು.

ಅಲ್ಕಾಪುರಿಯಲ್ಲಿ ಅವಳು ಸ್ಟೇಜ್ ಹತ್ತಿದಳು. "ನಮ್ಮ ಮನೆಯ ಮಾಸಿ, ಮಾತು ಮರೆತ ಅಣ್ಣನ ಹಾಗೆ" ಎಂದು ನನ್ನ ಕಡೆ ಬೆರಳು ತೋರಿಸಿ ಓದಿದಾಗ ಸಭೆಯೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನತ್ತ ಬಾಗಿದಳು.

"ಖರೇನ, ಮಾಸೀದು ಯಾವೂರೋ?"

"ನಾಳೆ ಮುಂಜಾನೆ ಕೇಳೂಣಂತ" ಎಂದೆ, ಅವಳದೇ ದನಿಯಲ್ಲಿ. ಈ ಸಲ ಅವ್ವ ಮಂಗ್ಯಾ ಎನ್ನಲಿಲ್ಲ.