ಎರಡು ಬೆಂಕಿಪೊಟ್ಟಣ

ನನಗೆ ಜೇನು ಹಿಡಿಯಲು ಕಲಿಸಿದವರು ಪಕ್ಕದ ಮನೆಯ ಯಜಮಾನರು. ಕಲಿಸಿದರೋ ಇಲ್ಲವೋ, ಇಂದಿಗೂ ಬಗೆಹರಿದಿಲ್ಲ. ಏನು ಕೇಳಿದರೂ ಮೂಗಿನ ತುದಿ ಉಜ್ಜಿಕೊಂಡು, "ತಂಗೀ, ಜೇನು ಅದ್ಕೆ ಬೇಕಾದ್ರೆ ಇರ್ತು" ಎನ್ನುತ್ತಿದ್ದರು.

ಒಮ್ಮೆ ಮಾಗೋಡಿನ ದಾರಿಯಲ್ಲಿ ತುಡುವೆ ಜೇನಿನ ಹಿಂಡೊಂದು ಕೊಂಬೆಗೆ ಗೊಂಚಲಾಗಿ ಕೂತಿತ್ತು. ಅವರು ಬರಿಗೈ ಹಾಕಿ ರಾಣಿಯನ್ನು ಹಿಡಿದು, ಖಾಲಿ ಬೆಂಕಿಪೊಟ್ಟಣದೊಳಗೆ ಬಿಟ್ಟು, ಅಂಗಿಯ ಜೇಬಿಗೆ ಹಾಕಿಕೊಂಡರು. ಬೀಡಿಗೆಂದು ಇಟ್ಟುಕೊಂಡಿದ್ದ ಇನ್ನೊಂದು ಪೊಟ್ಟಣವೂ ಅದೇ ಜೇಬಿನಲ್ಲಿತ್ತು. ರಾಣಿಯ ವಾಸನೆಗೆ ಹುಳುಗಳೆಲ್ಲ ಬಂದು ಅವರ ಎದೆಗೆ ಮುತ್ತಿದವು. ಆ ಪೊಟ್ಟಣವನ್ನು ನಾನು ಹೊತ್ತು ತಂದಿದ್ದ ಹೊಸ ಜೇನುಪೆಟ್ಟಿಗೆಯಲ್ಲಿಟ್ಟರೆ ಹಿಂಡೆಲ್ಲ ಒಳಗೆ ಬರುತ್ತಿತ್ತು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತೆ.

ಅವರು ಬೀಡಿ ಬಾಯಿಗಿಟ್ಟರು. ಹುಳುಗಳನ್ನು ಮೆಲ್ಲಗೆ ಸರಿಸುತ್ತ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದು ತೆರೆದರು. ರಾಣಿ ಹಾರಿತು. ಹಿಂಡು ಅದರ ಬೆನ್ನು ಹತ್ತಿ ಕಾಡು ಸೇರಿತು.

"ಅಯ್ಯೋ, ಎಂತ ಮಾಡಿದ್ರಿ!" ಎಂದು ನಾನು ಕೂಗಿಕೊಂಡೆ.

"ಪೊಟ್ಟಣ ತಪ್ಪಿಹೋತು" ಎಂದು ಮೂಗು ಉಜ್ಜಿಕೊಂಡರು.

ಇರಬಹುದು. ಎರಡೂ ಒಂದೇ ಥರದ ಪೊಟ್ಟಣಗಳು. ಆದರೆ ತೆರೆಯುವ ಮೊದಲು ಅವರು ಅದನ್ನು ಅಷ್ಟು ಹೊತ್ತು ಕಿವಿಗೆ ಹಿಡಿದುಕೊಂಡಿದ್ದು ಯಾಕೆ?